ತಿನ್ತಾನೆ, ಮಲಗ್ತಾನೆ, ನಗ್ತಾನೆ... ಇವನಿಗೇನ್ರೀ ಕಾಯಿಲೆ?

ಶಿರಾ ಪೇಟೆಯಲ್ಲಿ ಒಂದು ಅಂಗಡಿ. ಹೆಸರು ಬೇಡ, ಬೀದಿಯೂ ಬೇಡ. ಬೆಳಿಗ್ಗೆ ಎಂಟಕ್ಕೆ ಎತ್ತಬೇಕಾದ ಶೆಟರ್ ಹನ್ನೊಂದಾದರೂ ಎತ್ತಿರುವುದಿಲ್ಲ. ಗಿರಾಕಿಗಳು ಬಂದು ನೋಡುತ್ತಾರೆ, ಎದುರು ಅಂಗಡಿಗೆ ನಡೆಯುತ್ತಾರೆ.

ಅಂಗಡಿ ಅಣ್ಣ ತಮ್ಮಂದಿರಿಬ್ಬರದು. ತಮ್ಮ ಸಂತೆ ಸಂತೆ ತಿರುಗಿ ಮಾಲು ಹಾಕಿ ಬರುವವನು, ಗಲ್ಲಾದಲ್ಲಿ ಕೂರುವವನು ಅಣ್ಣ. ವರ್ಷದಿಂದ ಅಣ್ಣ ಸರಿಯಾಗಿ ಕೂತಿಲ್ಲ. ಕೊನೆಗೆ ತಮ್ಮ ಪಾಲು ಕೇಳಿದ, ಹಿರಿಯರು ನಾಲ್ಕು ಜನ ಕೂತರು. ಅವರಲ್ಲೊಬ್ಬರು ಈ ವರದಿಗಾರನಿಗೆ ಪರಿಚಯ. ಹಾಗಾಗಿ ಆ ಜಗಲಿಯ ಮೂಲೆಯಲ್ಲಿ ನಾನೂ ಕೂತಿದ್ದೆ.

ತಮ್ಮ ಹೇಳಿದ್ದಿಷ್ಟು: "ನೋಡಿ ಯಜಮಾನ್ರೇ, ಮೂರೊತ್ತು ಉಣ್ತಾನೆ. ಮುಂಚೆ ಎರಡು ಮುದ್ದೆ, ಈಗ ಮೂರು, ಮೇಲೆ ಬೇಕರಿ ತಿಂಡಿ ಬೇರೆ. ಹಗಲು ರಾತ್ರಿ ಅನ್ನದೆ ಮಲಗ್ತಾನೆ. ಮೊನ್ನೆ ಸೋದರತ್ತೆ ಮಗಳ ಮದುವೇಲಿ ಎಲ್ರ ಜೊತೆ ಕೂತ್ಕೊಂಡು ನಗ್ತಿದ್ದ. ಅಂಗಡಿ ಅಂದ್ರೆ ಮಾತ್ರ ಮೈ ಬಗ್ಗಲ್ಲ. ಇದು ಕಾಯ್ಲೆ ಅಲ್ಲ, ಮೈಗಳ್ಳತನ. ನನ್ ಪಾಲು ನನಗೆ ಕೊಡ್ಸಿ."

ಅಣ್ಣ ತಲೆ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ ಹೇಳಿದ್ದು: "ಮದುವೇಲಿ ನಕ್ಕಿದ್ದು ನಿಜ. ಬಸ್ಸಿಳ್ದು ಮನೆ ಬಾಗ್ಲು ತೆಗ್ಯೋ ಹೊತ್ಗೆ ಆ ನಗು ಎಲ್ಲೋಯ್ತೋ ನಂಗೇ ಗೊತ್ತಿಲ್ಲ. ಬೆಳಿಗ್ಗೆ ಏಳ್ಬೇಕು ಅಂತೀನಿ, ಕೈಕಾಲಿಗೆ ಬೀಸೋ ಕಲ್ಲು ಕಟ್ಟಿದಂಗೆ ಆಯ್ತದೆ. ಸುಳ್ಳಲ್ಲ ಕಣೋ."

ಕೂತವರಲ್ಲಿ ಒಬ್ಬರಿಗೂ ನಂಬಿಕೆ ಬರಲಿಲ್ಲ. ಈ ವರದಿಗಾರನಿಗೂ ಬರಲಿಲ್ಲ, ಮುಚ್ಚುಮರೆ ಏಕೆ?

ನಾವು ತಿಳಿದಿರುವ ಖಿನ್ನತೆ

ಮನಸ್ಸಿನ ಕಾಯಿಲೆ ಅಂದರೆ ನಮ್ಮ ಕಡೆ ಒಂದು ಚಿತ್ರ ಇದೆ. ಅನ್ನ ಸೇರಲ್ಲ, ನಿದ್ದೆ ಬರಲ್ಲ, ಮೈ ಒಣಗಿ ಕಡ್ಡಿ, ಮುಖದಲ್ಲಿ ಕಳೆ ಇಲ್ಲ, ಏನು ಹೇಳಿದರೂ ನಗುವುದಿಲ್ಲ. ಇಂಥವರನ್ನು ಕಂಡರೆ ಯಾರಾದರೂ "ಪಾಪ, ಮನಸ್ಸಿಗೆ ಹಚ್ಕೊಂಡವ್ರೆ" ಅಂತಾರೆ. ಇದು ಖಿನ್ನತೆಯ ಮಾಮೂಲಿ ರೂಪ.

ಆದರೆ ಅದೇ ಖಿನ್ನತೆಗೆ ತಿರುಗುಮುರುಗಾದ ಇನ್ನೊಂದು ರೂಪವಿದೆ. ಇದರಲ್ಲಿ ಹಸಿವು ಜಾಸ್ತಿ, ನಿದ್ದೆ ಜಾಸ್ತಿ, ಮೈ ಬರುತ್ತದೆ. ಒಳ್ಳೆಯ ಸುದ್ದಿ ಕೇಳಿದರೆ, ಬೇಕಾದವರು ಬಂದರೆ ಮುಖ ಅರಳುತ್ತದೆ. ಆಮೇಲೆ ಮತ್ತೆ ಅದೇ ಗುಂಡಿ. ಡಾಕ್ಟರುಗಳು ಇದನ್ನು 'ಅಟಿಪಿಕಲ್ ಡಿಪ್ರೆಷನ್' ಅನ್ನುತ್ತಾರೆ. ವಿಲಕ್ಷಣ ಖಿನ್ನತೆ ಎಂದು ಕರೆಯೋಣ. ಹೆಸರು ನೋಡಿ ಎಲ್ಲೋ ಅಪರೂಪಕ್ಕೆ ಒಬ್ಬರಿಗೆ ಬರುವ ಕಾಯಿಲೆ ಎಂದುಕೊಳ್ಳಬೇಡಿ. ಪಡಿಯಚ್ಚಿಗೆ ಹೊಂದುವುದಿಲ್ಲ ಎಂದಷ್ಟೇ ಅರ್ಥ. ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಎಷ್ಟೋ ಜನಕ್ಕೆ ಶುರುವಾಗುವುದು ಹರೆಯದಲ್ಲೇ.

ತಮಾಷೆ ಎಂದರೆ, ಮೊದಲನೆಯವನನ್ನು ಜನ ರೋಗಿ ಎನ್ನುತ್ತಾರೆ. ಎರಡನೆಯವನನ್ನು ಕುಂಭಕರ್ಣ ಎನ್ನುತ್ತಾರೆ. ಸೊಸೆಯಾದರೆ "ತವರಲ್ಲಿ ಸದರ ಕೊಟ್ಟು ಬೆಳ್ಸವ್ರೆ" ಎನ್ನುತ್ತಾರೆ. ಕಾಲೇಜು ಹುಡುಗನಾದರೆ "ಓದೋಕೆ ಆಗದ ದಂಡಪಿಂಡ" ಎನ್ನುತ್ತಾರೆ.

ಕ್ಷಯದ ಮಾತ್ರೆಯಿಂದ ಸಿಕ್ಕ ಸುಳಿವು

ಈ ಕಾಯಿಲೆಯ ಸುಳಿವು ಸಿಕ್ಕಿದ ಕತೆ ಸ್ವಾರಸ್ಯವಾಗಿದೆ. 1952ರಲ್ಲಿ ಅಮೆರಿಕದ ನ್ಯೂಯಾರ್ಕಿನ ಸೀ ವ್ಯೂ ಎಂಬ ಕ್ಷಯರೋಗದ ಆಸ್ಪತ್ರೆಯಲ್ಲಿ ಇಪ್ರೊನಿಯಾಜಿಡ್ ಎಂಬ ಹೊಸ ಮಾತ್ರೆ ಕೊಟ್ಟು ನೋಡಿದರು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂದಿಗೂ ಟಿ.ಬಿ.ಗೆ ಕೊಡುವ ಐಸೋನಿಯಾಜಿಡ್‌ಗೆ ಇದು ದಾಯಾದಿ. ಹಾಸಿಗೆ ಹಿಡಿದಿದ್ದ ರೋಗಿಗಳು ಎದ್ದು ಓಡಾಡಿದರು, ನಗಾಡಿದರು. 1957ರಲ್ಲಿ ನೇಥನ್ ಕ್ಲೈನ್ ಎಂಬ ಡಾಕ್ಟರು ಇದನ್ನು ಖಿನ್ನತೆಗೇ ಕೊಟ್ಟು ಫಲಿತಾಂಶ ಪ್ರಕಟಿಸಿದರು.

1959ರಲ್ಲಿ ಲಂಡನ್ನಿನ ವೆಸ್ಟ್ ಮತ್ತು ಡ್ಯಾಲಿ ಎಂಬ ಇಬ್ಬರು ವೈದ್ಯರು ಇನ್ನೊಂದು ವಿಷಯ ಗಮನಿಸಿದರು. ಈ ಮಾತ್ರೆ ಎಲ್ಲ ಖಿನ್ನರಿಗೂ ಒಂದೇ ಸಮ ಹಿಡಿಯುವುದಿಲ್ಲ. ಮಾಮೂಲಿ ಪಡಿಯಚ್ಚಿಗೆ ಹೊಂದದ ಒಂದು ಗುಂಪಿಗೆ ಚೆನ್ನಾಗಿ ಹಿಡಿಯುತ್ತದೆ. 'ಅಟಿಪಿಕಲ್' ಎಂಬ ಮಾತು ಅಲ್ಲಿಂದ ಬಂತು. 1980ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಇಂಥ ರೋಗಿಗಳ ಮೇಲೆ ಎರಡು ಬಗೆಯ ಮಾತ್ರೆ ಹೋಲಿಸಿ ನೋಡಿದರು. ಆ ಕಾಲಕ್ಕೆ ಎಲ್ಲರಿಗೂ ಬರೆಯುತ್ತಿದ್ದ ಇಮಿಪ್ರಮಿನ್‌ಗಿಂತ ಇಪ್ರೊನಿಯಾಜಿಡ್ ಜಾತಿಯ ಫೆನೆಲ್ಜಿನ್ ಇವರಿಗೆ ಮೇಲು ಎಂದು ಕಂಡಿತು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ರೂಪಕ್ಕೆ ಸ್ವಂತ ಜಾಗ ಸಿಕ್ಕಿತು.

ಹಾಗಾದರೆ ಫೆನೆಲ್ಜಿನ್ ತಂದು ನುಂಗೋಣವೇ? ಬೇಡಿ ಸ್ವಾಮಿ. ಆ ಜಾತಿಯ ಮಾತ್ರೆ ತಿನ್ನುವವರು ಹಳೇ ಚೀಸ್, ಹುದುಗು ಬಂದ ಕೆಲವು ಪದಾರ್ಥ ತಿಂದರೆ ರಕ್ತದೊತ್ತಡ ಒಮ್ಮೆಲೇ ನೆತ್ತಿಗೇರಿ ಪ್ರಾಣಕ್ಕೇ ಬರಬಹುದು. 1960ರ ದಶಕದಲ್ಲಿ ಇದು ಗೊತ್ತಾಯಿತು. ಇಂದು ಅದು ಮೊದಲ ಆಯ್ಕೆಯಲ್ಲ. ಈ ಕತೆಯನ್ನು ಹೇಳಿದ್ದು ಒಂದೇ ಕಾರಣಕ್ಕೆ. ಖಿನ್ನತೆಯಲ್ಲಿ ಬಗೆಗಳಿವೆ, ಬಗೆ ತಿಳಿದು ಔಷಧಿ ಕೊಡಬೇಕು.

ಗೊತ್ತು ಹಿಡಿಯುವುದು ಹೇಗೆ?

ಮೊದಲಿಗೆ ಖಿನ್ನತೆ ಇರಬೇಕು. ಎರಡು ವಾರಕ್ಕೆ ಕಡಿಮೆ ಇಲ್ಲದಂತೆ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲವೇ ಯಾವುದರಲ್ಲೂ ಆಸೆ ಉಳಿದಿರಬಾರದು. ಜೊತೆಗೆ ಸುಸ್ತು, ನನ್ನಿಂದ ಪ್ರಯೋಜನವಿಲ್ಲ ಎಂಬ ಯೋಚನೆ, ಗಮನ ನಿಲ್ಲದಿರುವುದು, ಸಾವಿನ ಯೋಚನೆ ಇಂಥವು ಸೇರಿರುತ್ತವೆ. ಇದರ ಮೇಲೆ ವಿಲಕ್ಷಣ ಖಿನ್ನತೆಗೆ ಮುಖ್ಯ ಗುರುತು ಒಂದು: ಒಳ್ಳೆಯದೇನಾದರೂ ನಡೆದರೆ ಮನಸ್ಸು ತಾತ್ಕಾಲಿಕವಾಗಿ ಮೇಲೇಳುತ್ತದೆ. ಮದುವೆಮನೆಯ ನಗು ಇದೇ. ಇದರ ಜೊತೆಗೆ ಕೆಳಗಿನ ನಾಲ್ಕರಲ್ಲಿ ಎರಡಾದರೂ ಇರಬೇಕು.

ಒಂದು, ಹಸಿವು ಅಥವಾ ಮೈತೂಕ ಎದ್ದು ಕಾಣುವಷ್ಟು ಜಾಸ್ತಿಯಾಗುವುದು.

ಎರಡು, ಅತಿ ನಿದ್ದೆ. ದಿನಕ್ಕೆ ಹತ್ತು ಗಂಟೆ, ಅಥವಾ ಮುಂಚಿಗಿಂತ ಎರಡು ಗಂಟೆಯಾದರೂ ಹೆಚ್ಚು.

ಮೂರು, ಕೈಕಾಲಿಗೆ ಸೀಸ ತುಂಬಿದಂಥ ಭಾರ. ದಿನಕ್ಕೆ ಒಂದು ಗಂಟೆಯಾದರೂ, ಎಷ್ಟೋ ಸಲ ಹಲವು ಗಂಟೆ.

ನಾಲ್ಕು, ಯಾರಾದರೂ ತಳ್ಳಿಹಾಕಿದರೆ ತಡೆಯಲಾಗದ ನೋವು. ಇದು ಕಾಯಿಲೆ ಬಂದಾಗ ಮಾತ್ರವಲ್ಲ, ಬಹಳ ಕಾಲದಿಂದ ಇದ್ದು ಕೆಲಸ ಕೆಡಿಸುವಷ್ಟಿರುತ್ತದೆ.

ನಾಲ್ಕನೆಯದನ್ನು ಅಂಗಡಿಯವರಿಗೆ ಬೇಗ ಅರ್ಥವಾಗುವಂತೆ ಹೇಳುತ್ತೇನೆ. ಉದ್ರಿ ಕೇಳಿದ ಗಿರಾಕಿಗೆ ನಮ್ಮ ಶಿರಾ ಅಣ್ಣ ಆಗಲ್ಲ ಎಂದರು. ಅವನು "ನಿನ್ನ ಅಂಗಡಿಯೇ ಒಂದು ಅಂಗಡೀನಾ" ಎಂದು ಎದುರಿಗೆ ಹೋದ. ಇಂಥ ಮಾತು ಯಾವ ವ್ಯಾಪಾರಿ ಕೇಳಿಲ್ಲ? ಎಡಗಿವಿಯಲ್ಲಿ ಕೇಳಿ ಬಲಗಿವಿಯಲ್ಲಿ ಬಿಡುತ್ತೇವೆ. ಈ ಮನುಷ್ಯ ಮೂರು ದಿನ ಬಾಗಿಲು ತೆಗೆಯಲಿಲ್ಲ.

ಇಷ್ಟು ಓದಿ ಬಸ್ಸಿನಲ್ಲಿ ಪಕ್ಕ ತೂಕಡಿಸುವವನನ್ನೆಲ್ಲ ರೋಗಿ ಎಂದು ಕರೆಯಬೇಡಿ. ಪಾವಗಡದಿಂದ ನಸುಕಿಗೆ ಹೊರಟು ಮಿಡಿಗೇಶಿ, ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ದಿನಾ ಹೋಗಿ ಬರುವವನಿಗೆ ನಿದ್ದೆ ಬರದೆ ಇನ್ನೇನು? ಗುರುತು ನೋಡಿ ತೀರ್ಮಾನ ಹೇಳುವುದು ಡಾಕ್ಟರ ಕೆಲಸ.

ಡಾಕ್ಟರೂ ಮೊದಲು ಬೇರೆ ನಾಲ್ಕು ಬಾಗಿಲು ತಟ್ಟಿ ನೋಡಬೇಕು. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ನಿದ್ದೆ, ಮೈ ಬರುವುದು ಎಲ್ಲ ಹೀಗೇ ಇರುತ್ತದೆ. ರಕ್ತ ಕಡಿಮೆ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬಿ-12 ಕೊರತೆ ಇದ್ದರೆ ಸುಸ್ತು. ರಾತ್ರಿ ಜೋರು ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗೆ ಹಗಲೆಲ್ಲ ತೂಕಡಿಕೆ. ಕುಡಿತ ಇದ್ದರೆ ಅದೂ ಲೆಕ್ಕಕ್ಕೆ. ಬೇರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆಯೂ ಕಾರಣವಿರಬಹುದು. ರಕ್ತ ಪರೀಕ್ಷೆಗೆ ಬರೆದುಕೊಟ್ಟರೆ "ದುಡ್ಡು ಹೊಡ್ಯೋಕೆ" ಎಂದುಕೊಳ್ಳದೆ ಮಾಡಿಸಿ.

ಇನ್ನೂ ಒಂದು ಪ್ರಶ್ನೆ ಬಹಳ ಮುಖ್ಯ. ಹಿಂದೆ ಯಾವಾಗಲಾದರೂ ಇದಕ್ಕೆ ತದ್ವಿರುದ್ಧವಾಗಿ, ವಾರಗಟ್ಟಲೆ ನಿದ್ದೆಯೇ ಬೇಡವೆನ್ನುವ ಹುರುಪು, ಮಿತಿಮೀರಿದ ಮಾತು, ಕಂಡಾಪಟ್ಟೆ ಖರ್ಚು, ಲಕ್ಷಗಟ್ಟಲೆ ವ್ಯಾಪಾರದ ಯೋಜನೆ ಬಂದಿತ್ತೇ? ಬಂದಿದ್ದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ವಿಲಕ್ಷಣ ಖಿನ್ನತೆ ಕಂಡವರಲ್ಲಿ ಇದನ್ನು ವಿಶೇಷವಾಗಿ ವಿಚಾರಿಸಬೇಕು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದಕ್ಕೆ ತಿರುಗುವ ಅಪಾಯವಿದೆ. ಮನೆಯವರು ಮರ್ಯಾದೆಗೆ ಅಂಜಿ ಆ ಹಳೇ ಸಂಗತಿ ಮುಚ್ಚಿಡಬಾರದು.

ಟಾನಿಕ್ಕು, ಗ್ಲೂಕೋಸು, ತಾಯತ

ಶಿರಾ ಅಣ್ಣನಿಗೆ ಇಷ್ಟು ವಿಚಾರಣೆ ಆಗಲು ವರ್ಷ ಹಿಡಿಯಿತು. ಅಷ್ಟರಲ್ಲಿ ಆದದ್ದು ಕೇಳಿ. "ಸುಸ್ತು" ಎಂದಾಗಲೆಲ್ಲ ಕೆಂಪು ಟಾನಿಕ್ಕು, ಸೂಜಿ, ಎರಡು ಬಾಟಲಿ ಗ್ಲೂಕೋಸು. ಯಾರೋ ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಯಾರೋ ಸಾಡೇಸಾತಿ ಎಂದರು, ಪಾವಗಡದ ಶನಿಮಹಾತ್ಮನಿಗೆ ಎಳ್ಳುದೀಪ ಹಚ್ಚಿ ಬಂದರು. ಈ ಅಂಕಣದ ಕಡೆಯಿಂದ ದೇವರಿಗೆ ಏನೂ ತಕರಾರಿಲ್ಲ. ದೀಪ ಹಚ್ಚಿ, ಮನಸ್ಸಿಗೆ ಸಮಾಧಾನ. ಆದರೆ ದೀಪ ಹಚ್ಚಿ ಬಂದ ಬಸ್ಸಿಳಿದ ಮೇಲೆ ಆಸ್ಪತ್ರೆಗೂ ಒಂದು ಹೆಜ್ಜೆ ಹಾಕಿ ಎನ್ನುವುದಷ್ಟೇ ಮಾತು.

ಇದರ ನಡುವೆ ಒಂದು ಕಡೆ ನಿದ್ದೆ ಬರಿಸುವ ಹಳೇ ಕಾಲದ ಮಾತ್ರೆಯನ್ನೂ ಬರೆದುಕೊಟ್ಟಿದ್ದರಂತೆ. ತಪ್ಪು ಬರೀ ಬರೆದವರದಲ್ಲ. "ಮನಸ್ಸು ಸರಿ ಇಲ್ಲ" ಎಂದರೇ ಹೊರತು ಎಷ್ಟು ಹೊತ್ತು ಮಲಗುತ್ತಾರೆಂದು ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. ಅಮಿಟ್ರಿಪ್ಟಿಲಿನ್, ಮಿರ್ಟಾಜಪಿನ್ ಇಂಥ ಮಾತ್ರೆಗಳು ಒಳ್ಳೆಯವೇ. ನಿದ್ದೆ ಇಲ್ಲದ, ಅನ್ನ ಸೇರದ ಖಿನ್ನರಿಗೆ ವರ. ಆದರೆ ಇವು ನಿದ್ದೆಯನ್ನೂ ಹಸಿವನ್ನೂ ಹೆಚ್ಚಿಸುತ್ತವೆ. ಮೊದಲೇ ಹನ್ನೆರಡು ಗಂಟೆ ಮಲಗುವವನಿಗೆ ಇನ್ನೂ ನಿದ್ದೆ, ಮೊದಲೇ ಮೈ ಬಂದವನಿಗೆ ಇನ್ನೂ ಹಸಿವು! ಬಗೆ ತಿಳಿಯಬೇಕು ಎಂದದ್ದು ಇದಕ್ಕೇ. ಡಾಕ್ಟರ ಮುಂದೆ ಕೂತಾಗ "ಸುಸ್ತು" ಎಂದು ಒಂದೇ ಮಾತಿಗೆ ಮುಗಿಸಬೇಡಿ. ಎಷ್ಟು ಗಂಟೆ ನಿದ್ದೆ, ಎಷ್ಟು ಕೆ.ಜಿ. ಜಾಸ್ತಿ, ಎಷ್ಟು ದಿನದಿಂದ, ಎಲ್ಲ ಬಿಡಿಸಿ ಹೇಳಿ. ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಚಿಕಿತ್ಸೆ ಏನು?

ಇಂದು ಸಾಮಾನ್ಯವಾಗಿ ಮೊದಲು ಕೊಡುವುದು ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್, ಎಸ್ಸಿಟಾಲೊಪ್ರಾಮ್ ಜಾತಿಯ ಮಾತ್ರೆ. ಕೆಲವರಿಗೆ ಬುಪ್ರೊಪಿಯಾನ್. ಯಾರಿಗೆ ಯಾವುದು, ಎಷ್ಟು ಎಂಬುದನ್ನು ಡಾಕ್ಟರು ತೀರ್ಮಾನಿಸುತ್ತಾರೆ. ಹೆಸರು ಬರೆದಿದ್ದಾರೆಂದು ಈ ಪತ್ರಿಕೆ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗಬೇಡಿ.

ತಿಳಿದಿರಬೇಕಾದ್ದು ಇಷ್ಟು. ಮಾತ್ರೆ ನುಂಗಿದ ಮರುದಿನ ಗುಣ ಕಾಣುವುದಿಲ್ಲ, ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಬರಬಹುದು, ಎಷ್ಟೋ ಜನಕ್ಕೆ ತಾನಾಗಿ ಇಳಿಯುತ್ತದೆ. ನಮ್ಮ ಜನ ಬಿಟ್ಟುಬಿಡುವುದೂ ಇದೇ ವಾರದಲ್ಲೇ. ಇಪ್ಪತ್ತೈದರ ಒಳಗಿನ ಹುಡುಗ ಹುಡುಗಿಯರಾದರೆ ಶುರುವಿನ ವಾರಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು. ಚಡಪಡಿಕೆ ಹೆಚ್ಚಾದರೆ, ಸಾವಿನ ಮಾತು ಬಂದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಗುಣವಾದ ಮೇಲೂ ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ಮುಂದುವರಿಸಬೇಕು. ನಿಲ್ಲಿಸುವುದಾದರೆ ಡಾಕ್ಟರು ಹೇಳಿದಂತೆ ಇಳಿಸುತ್ತಾ ಬರಬೇಕು. ಇದು ಚಟ ಹಿಡಿಸುವ ಮಾತ್ರೆಯಲ್ಲ, ಆದರೆ ತಟಕ್ಕನೆ ಬಿಟ್ಟರೆ ತಲೆಸುತ್ತು, ತಳಮಳ ಕಾಣಿಸುತ್ತದೆ.

ಮಾತ್ರೆಯಷ್ಟೇ ಅಲ್ಲ, ಮಾತಿನ ಚಿಕಿತ್ಸೆಯೂ ಇದೆ. ಬುದ್ಧಿವಾದ ಹೇಳುವುದು ಎಂದುಕೊಳ್ಳಬೇಡಿ, ಅದು ನಮ್ಮೂರಲ್ಲಿ ಬಿಟ್ಟಿ ಸಿಗುತ್ತದೆ. ತರಬೇತಿ ಪಡೆದವರು ಯೋಚನೆಯ ಜಾಡು ತಿದ್ದುತ್ತಾರೆ. "ಅವನು ಎದುರು ಅಂಗಡಿಗೆ ಹೋದ, ಆದ್ದರಿಂದ ನಾನು ಕೆಲಸಕ್ಕೆ ಬಾರದವನು" ಎಂಬ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ರೋಗಿಯ ಕೈಯಲ್ಲೇ ಹುಡುಕಿಸುತ್ತಾರೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇದು ವಿಲಕ್ಷಣ ಖಿನ್ನತೆಗೆ ಫೆನೆಲ್ಜಿನ್ ಮಾತ್ರೆಗೆ ಸಮನಾಗಿ ನಿಂತಿತು. ಜೊತೆಗೆ ಒಂದೇ ಹೊತ್ತಿಗೆ ಏಳುವುದು, ಬೆಳಗಿನ ಬಿಸಿಲಲ್ಲಿ ನಡೆಯುವುದು. ಹೇಳುವುದು ಸುಲಭ ನಿಜ. ಮೊದಲ ವಾರ ಬಾಗಿಲ ತನಕ ನಡೆದರೂ ಸಾಕು.

ನಾಲ್ಕು ತಾಲ್ಲೂಕಿನವರು ಎಲ್ಲಿಗೆ ಹೋಗಬೇಕು?

"ಅದಕ್ಕೆಲ್ಲ ಬೆಂಗಳೂರು ನಿಮ್ಹಾನ್ಸ್‌ಗೇ ಹೋಗ್ಬೇಕಲ್ವ ಸಾರ್?" ಇದು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕೇಳಿದ್ದು. ಬೇಕಿಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿ ಆಸ್ಪತ್ರೆಯ ಡಾಕ್ಟರುಗಳೇ ಮನಸ್ಸಿನ ಕಾಯಿಲೆ ನೋಡಬಹುದೆಂದು ತೋರಿಸಿಕೊಟ್ಟರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ಜಿಲ್ಲೆಯ ತುರುವೇಕೆರೆಯಲ್ಲೇ ಸ್ಕಿಜೋಫ್ರೇನಿಯಾದಂಥ ದೊಡ್ಡ ಕಾಯಿಲೆಯವರನ್ನು ಊರಲ್ಲೇ ಇಟ್ಟುಕೊಂಡು ನಿಮ್ಹಾನ್ಸ್ ವೈದ್ಯರು ವರ್ಷಗಟ್ಟಲೆ ಚಿಕಿತ್ಸೆ ನಡೆಸಿದ್ದಾರೆ. ಅಂಥದೇ ಊರಲ್ಲಿ ಆಗುವುದಾದರೆ ಇದು ಆಗದೇ?

2014ರಲ್ಲಿ ರಾಜ್ಯ ಸರ್ಕಾರ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಡು ತಂದಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಂತೂ ಇದೆ. ಪಾವಗಡದವರಿಗೆ ಅದು ನೂರು ಕಿಲೋಮೀಟರಿನ ಆಸುಪಾಸು, ಒಂದು ದಿನದ ಕೂಲಿ ಹೋಯಿತು ಎಂದೇ ಲೆಕ್ಕ. ಆದ್ದರಿಂದ ಮೊದಲು ಫೋನು ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯಲ್ಲಿ ಯಾರಾದರೂ "ನಾನಿರೋದಕ್ಕಿಂತ ಹೋಗೋದೇ ವಾಸಿ" ಎಂದರೆ ಬೈದು ಸುಮ್ಮನಾಗಿಸಬೇಡಿ. ಒಬ್ಬರನ್ನೇ ಬಿಡಬೇಡಿ, ಹೊಲದ ಔಷಧಿಗೆ ಬೀಗ ಹಾಕಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೋಲಿಸ್ ಕೇಸಿನ ಹೆದರಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಆರೈಕೆ ಕೊಡಬೇಕು ಎಂದಾಗಿದೆ. ರೋಗಿಯ ವಿಷಯ ಗುಟ್ಟಾಗಿಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಐವತ್ತು ಸೀಟಿನ ಬಸ್ಸು

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೊಡ್ಡವರಲ್ಲಿ 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಬೀಳುತ್ತಾರೆ. ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಮುಟ್ಟಿರಲಿಲ್ಲ. ನೀವು ಕೂತಿರುವ ಐವತ್ತು ಸೀಟಿನ ಬಸ್ಸಿನಲ್ಲಿ ಇಬ್ಬರೋ ಮೂವರೋ ಆಯಿತು. ಅವರಲ್ಲಿ ಒಬ್ಬರು ಈಗ ಕಿಟಕಿ ಪಕ್ಕ ಕೂತು ಕಂಡಕ್ಟರ ತಮಾಷೆಗೆ ನಗುತ್ತಲೂ ಇರಬಹುದು.

ಈ ವರದಿಗಾರ ಪಿ.ಯು.ಸಿ. ಬಿಟ್ಟವನು. ಎರಡನೇ ವರ್ಷ ಬೆಳಿಗ್ಗೆ ಏಳಲು ಆಗದೆ, ಹಾಜರಿ ಸಾಲದೆ ಬಿಟ್ಟೆ. ಮನೆಯಲ್ಲಿ ಸೋಮಾರಿ ಎಂದರು, ನಾನೂ ಹೌದು ಎಂದುಕೊಂಡೆ. ಅದು ಕಾಯಿಲೆಯೇ ಆಗಿತ್ತು ಎಂದು ಇವತ್ತು ಹೇಳಲು ನನಗೆ ಬಾಯಿಲ್ಲ, ಬರೀ ಸೋಮಾರಿತನವೂ ಇದ್ದೀತು. ಆದರೆ ಎಷ್ಟು ಹೊತ್ತು ಮಲಗ್ತೀಯ, ಯಾಕೆ ಅಂತ ಯಾರೂ ಕೇಳಿರಲಿಲ್ಲ. ಶಿರಾದ ಆ ಜಗಲಿಯಲ್ಲಿ ಕೂತಾಗ ಅದು ನೆನಪಾಯಿತು.

ಆ ಪಂಚಾಯ್ತಿ ಏನಾಯಿತು? ಹಿರಿಯರಲ್ಲಿ ಒಬ್ಬರು, ಮಗಳಿಗೆ ಹಿಂದೆ ಇಂಥದೇ ಆಗಿ ಗುಣ ಕಂಡವರು, "ಆರು ತಿಂಗಳು ತಡೀರಿ, ಡಾಕ್ಟ್ರಿಗೆ ತೋರ್ಸಿ, ಆಮೇಲೆ ಪಾಲು" ಎಂದರು. ತಮ್ಮನೇ ಅಣ್ಣನನ್ನು ಕರೆದುಕೊಂಡು ಹೋದ. ಥೈರಾಯ್ಡ್ ಸರಿ ಇತ್ತು, ರಕ್ತ ಸ್ವಲ್ಪ ಕಡಿಮೆ ಇತ್ತು. ಎರಡಕ್ಕೂ ಚಿಕಿತ್ಸೆ ಶುರುವಾಯಿತು. ಮೊದಲ ವಾರ ಹೊಟ್ಟೆ ತೊಳಸಿ ಅಣ್ಣ ಬಿಡುತ್ತೇನೆ ಎಂದರು, ತಮ್ಮ ಬಿಡಗೊಡಲಿಲ್ಲ. ಐದನೇ ವಾರ ಒಂದು ದಿನ ಒಂಬತ್ತಕ್ಕೆ ಎದ್ದರು.

ಮೊನ್ನೆ ಆ ದಾರಿಯಲ್ಲಿ ಹೋದಾಗ ಬೆಳಿಗ್ಗೆ ಎಂಟೂವರೆ. ಶೆಟರ್ ಎತ್ತಿತ್ತು. "ದಿನಾ ಹಿಂಗಿರಲ್ಲ ಕಣಣ್ಣ, ವಾರದಲ್ಲಿ ಒಂದೆರಡು ದಿನ ಇನ್ನೂ ಆ ಕಲ್ಲು ಕಟ್ಟುತ್ತೆ" ಎಂದರು ಅಣ್ಣ. ಪಾಲಿನ ವಿಷಯ ಏನಾಯ್ತು ಎಂದು ತಮ್ಮನನ್ನು ಕೇಳಿದೆ. ತಕ್ಕಡಿಯಿಂದ ಕಣ್ಣೆತ್ತದೆ, "ಆಮೇಲೆ ನೋಡಾನ ಬಿಡಿ ಸಾರ್" ಎಂದ.